ದೇಹದೊಳಗಿನ ಅಫೀಮು: ಒಪಿಯಾಯ್ಡ್ ವ್ಯವಸ್ಥೆಯ ಎಪಿಜೆನೆಟಿಕ್ ನಿಯಂತ್ರಣ

ಗಸಗಸೆ ಗಿಡದ ಹಸಿರು ಕಾಯಿಗೆ ಗೀರು ಹಾಕಿದರೆ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಹಬ್ಬದ ಪಾಯಸಕ್ಕೆ ರುಬ್ಬಿ ಹಾಕುವ ಗಸಗಸೆಯೂ ಅದೇ ಕಾಯಿಯೊಳಗಿನದೇ. ಆದರೆ ಮದ್ದೆಲ್ಲ ಇರುವುದು ಹಾಲಿನಲ್ಲಿ, ಬೀಜಕ್ಕೆ ಅಂಟುವುದು ತೀರ ಅಲ್ಪ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಫ್ರೀಡ್ರಿಶ್ ಸೆರ್ಟ್ಯೂರ್ನರ್ ಈ ಹಾಲಿನಿಂದ ಮಾರ್ಫಿನ್ ಬೇರ್ಪಡಿಸಿದ. ಎಲ್ಲೋ ಹೊಲದಲ್ಲಿ ಬೆಳೆದ ಗಿಡದ ರಸ ಮನುಷ್ಯನ ನೋವನ್ನು ಅಷ್ಟು ಕರಾರುವಾಕ್ಕಾಗಿ ಅಡಗಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಮಾರ್ಫಿನ್ನನ್ನು ಹೋಲುವ ವಸ್ತುಗಳನ್ನು ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ಗಿಡದ ಮಾರ್ಫಿನ್ ಬಂದು ಕೂರುವುದು ಅವುಗಳಿಗೆಂದೇ ಇರುವ ಜಾಗದಲ್ಲಿ. ಈ ವಸ್ತುಗಳು ಮತ್ತು ಅವು ಅಂಟಿಕೊಳ್ಳುವ ಗ್ರಾಹಿಗಳು ಸೇರಿ ದೇಹದ ಒಪಿಯಾಯ್ಡ್ ವ್ಯವಸ್ಥೆಯಾಗುತ್ತದೆ. ನೋವು, ಸುಖ, ಒತ್ತಡ, ಹಸಿವು, ಉಸಿರಾಟ ಎಲ್ಲದರಲ್ಲೂ ಅದರ ಕೈವಾಡವಿದೆ.

ಈ ವ್ಯವಸ್ಥೆಯ ವಂಶವಾಹಿಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಯಾವ ನರಕೋಶದಲ್ಲಿ ಯಾವ ವಂಶವಾಹಿ ಕೆಲಸ ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ತೀರ್ಮಾನಿಸುವ ರಾಸಾಯನಿಕ ಗುರುತುಗಳು ಬೇರೆಯೇ ಇವೆ. ಡಿಎನ್‌ಎಯ ಅಕ್ಷರಗಳನ್ನು ಮುಟ್ಟದೆ ಅವುಗಳ ಓದನ್ನಷ್ಟೇ ಬದಲಿಸುವ ಈ ಏರ್ಪಾಡಿಗೆ ಎಪಿಜೆನೆಟಿಕ್ಸ್ ಎಂದು ಹೆಸರು. ಬ್ರಿಟಿಷ್ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಈ ಪದವನ್ನು ಬಳಕೆಗೆ ತಂದಾಗ ಡಿಎನ್‌ಎಯ ರಚನೆಯೇ ಇನ್ನೂ ಗೊತ್ತಿರಲಿಲ್ಲ. ಗಾಯ, ಮಾದಕ ವಸ್ತು, ಬಾಲ್ಯದ ಹಿಂಸೆ, ತಾಯಿಯ ಕುಡಿತ ಇವೆಲ್ಲ ಒಪಿಯಾಯ್ಡ್ ವಂಶವಾಹಿಗಳ ಮೇಲಿನ ಗುರುತುಗಳ ಜತೆ ತಳಕು ಹಾಕಿಕೊಂಡಿರುವುದು ಕಳೆದ ಎರಡು ದಶಕಗಳ ಸಂಶೋಧನೆಯಲ್ಲಿ ಕಂಡುಬಂದಿದೆ.

ಗ್ರಾಹಿಗಳು ಇವೆಯೆಂದು ಮೊದಲು ತೋರಿಸಿದ್ದು 1973ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಉಪ್ಸಲಾದ ಲಾರ್ಸ್ ಟೆರೇನಿಯಸ್ ತಂತಮ್ಮ ಪ್ರಯೋಗಾಲಯಗಳಲ್ಲಿ ಒಂದೇ ವರ್ಷ ಇದನ್ನು ಕಂಡುಕೊಂಡರು. ಗ್ರಾಹಿ ಇದೆಯೆಂದ ಮೇಲೆ ಅದಕ್ಕೆ ಅಂಟುವ ದೇಹದ್ದೇ ವಸ್ತು ಇರಲೇಬೇಕಲ್ಲ? ಅದರ ಬೆನ್ನು ಹತ್ತಿದವರು ಸ್ಕಾಟ್ಲೆಂಡಿನ ಅಬರ್ಡೀನ್‌ನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್. ಕಸಾಯಿಖಾನೆಯಿಂದ ಹಂದಿಯ ಮೆದುಳುಗಳನ್ನು ತಂದು ಅರೆದು ಸಾರ ತೆಗೆದರು. ಆ ಸಾರದಲ್ಲಿ ಏನಿದೆಯೆಂದು ಹೇಳುವ ಯಂತ್ರ ಅವರ ಬಳಿ ಇರಲಿಲ್ಲ. ಇದ್ದದ್ದು ಇಲಿಯ ವೀರ್ಯನಾಳದ ತುಂಡು. ಉಪ್ಪುನೀರಿನ ತೊಟ್ಟಿಯಲ್ಲಿ ಅದನ್ನು ತೂಗುಹಾಕಿ ವಿದ್ಯುತ್ ಹಾಯಿಸಿದರೆ ಪ್ರತಿ ಸಲವೂ ಅದು ಮಿಡಿಯುತ್ತದೆ. ಮಾರ್ಫಿನ್ ಹನಿಸಿದರೆ ಮಿಡಿತ ಅಡಗುತ್ತದೆ. ಹಂದಿಯ ಮೆದುಳಿನ ಸಾರ ಹನಿಸಿದಾಗಲೂ ಅಡಗಿತು. ಮಾರ್ಫಿನ್ನಿನ ವಿರೋಧಿಯಾದ ನಲಾಕ್ಸೋನ್ ಹಾಕಿದೊಡನೆ ಮತ್ತೆ ಮಿಡಿಯಿತು. 1975ರಲ್ಲಿ ಪ್ರಕಟವಾದ ಈ ವಸ್ತುಗಳೇ ಎನ್‌ಕೆಫಲಿನ್‌ಗಳು. ಬರೀ ಐದು ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಮೊದಲ ನಾಲ್ಕು ಎರಡರಲ್ಲೂ ಒಂದೇ, ಐದನೆಯದು ಒಂದರಲ್ಲಿ ಮೀಥಿಯೋನಿನ್, ಇನ್ನೊಂದರಲ್ಲಿ ಲ್ಯೂಸಿನ್.

ಮರುವರ್ಷ ಚೋ ಹಾವ್ ಲಿ ಅವರ ತಂಡ ಒಂಟೆಯ ಪಿಟ್ಯುಟರಿ ಗ್ರಂಥಿಯಿಂದ ಬೀಟಾ ಎಂಡಾರ್ಫಿನ್ ತೆಗೆಯಿತು. 1979ರಲ್ಲಿ ಅವ್ರಮ್ ಗೋಲ್ಡ್‌ಸ್ಟೀನ್ ಡೈನಾರ್ಫಿನ್ ಪತ್ತೆಮಾಡಿದರು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಒಂದು ಅಧ್ಯಯನವನ್ನೂ ಇಲ್ಲಿಯೇ ಹೇಳಬೇಕು. ಔಷಧವೆಂದು ನಂಬಿಸಿ ಕೊಟ್ಟ ಹುಸಿಮದ್ದಿನಿಂದ ಕೆಲವರ ನೋವು ತಗ್ಗಿತ್ತು. ನಲಾಕ್ಸೋನ್ ಕೊಟ್ಟಾಗ ಆ ಉಪಶಮನ ಕುಂದಿತು. ನಂಬಿಕೆಯೂ ಎಂಡಾರ್ಫಿನ್ ಹರಿಸಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷ್ಯಗಳಲ್ಲಿ ಇದೂ ಒಂದು.

ಇಂದಿನ ಲೆಕ್ಕದಲ್ಲಿ ಮುಖ್ಯ ಗ್ರಾಹಿಗಳು ಮೂರು: ಮ್ಯೂ, ಡೆಲ್ಟಾ, ಕಪ್ಪಾ. ನಾಲ್ಕನೆಯದಾಗಿ ನೋಸಿಸೆಪ್ಟಿನ್ ಗ್ರಾಹಿ ಇವುಗಳ ದಾಯಾದಿ. ಮಾರ್ಫಿನ್, ಹೆರಾಯಿನ್, ಫೆಂಟಾನಿಲ್ ಎಲ್ಲವೂ ಮುಖ್ಯವಾಗಿ ಮ್ಯೂ ಗ್ರಾಹಿಯ ಮೂಲಕವೇ ಕೆಲಸ ಮಾಡುತ್ತವೆ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವಿಜ್ಞಾನಿಗಳು ಮ್ಯೂ ಗ್ರಾಹಿಯೇ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಅವುಗಳಿಗೆ ಮಾರ್ಫಿನ್ನಿಂದ ನೋವೂ ಶಮನವಾಗಲಿಲ್ಲ, ಚಟವೂ ಹತ್ತಲಿಲ್ಲ. ಕಪ್ಪಾದ ಸ್ವಭಾವ ತದ್ವಿರುದ್ಧ. ಡೈನಾರ್ಫಿನ್ ಅದನ್ನು ಎಚ್ಚರಿಸಿದರೆ ಸುಖವಲ್ಲ, ಬೇಸರ ಮತ್ತು ಕಳವಳ ಹುಟ್ಟುತ್ತದೆ. ಒಪಿಯಾಯ್ಡ್ ಎಂದೊಡನೆ ಬರೀ ಆನಂದ ಎಂದುಕೊಳ್ಳುವ ಜನಪ್ರಿಯ ಬರಹಗಳು ಇದನ್ನು ಮರೆತುಬಿಡುತ್ತವೆ.

ಈ ಎಲ್ಲ ವಂಶವಾಹಿಗಳು ದೇಹದ ಬಹುತೇಕ ಪ್ರತಿ ಜೀವಕೋಶದಲ್ಲೂ ಇವೆ. ಆದರೆ ಚರ್ಮದ ಕೋಶಕ್ಕೆ ಅವೆಲ್ಲವೂ ಬೇಕಿಲ್ಲ, ಬೆನ್ನುಹುರಿಯ ಪಕ್ಕದ ನರಕೋಶಕ್ಕೆ ಕೆಲವು ಬೇಕೇ ಬೇಕು. ಈ ಆಯ್ಕೆ ನಡೆಯುವ ಬಗೆ ಮುಖ್ಯವಾಗಿ ಮೂರು. ಮೊದಲನೆಯದು ಮೀಥೈಲ್ ಗುರುತು. ಡಿಎನ್‌ಎಯಲ್ಲಿ ಸಿ ಅಕ್ಷರದ ಮುಂದೆ ಜಿ ಬರುವ ಕಡೆಗಳಲ್ಲಿ ಸಿ ಮೇಲೆ ಚಿಕ್ಕದೊಂದು ಮೀಥೈಲ್ ಗುಂಪನ್ನು ಕಿಣ್ವಗಳು ಕೂರಿಸುತ್ತವೆ. ವಂಶವಾಹಿಯ ಆರಂಭದ ಭಾಗದಲ್ಲಿ ಇಂಥ ಗುರುತುಗಳು ದಟ್ಟವಾದರೆ ಅದು ಸಾಮಾನ್ಯವಾಗಿ ಮೌನವಾಗುತ್ತದೆ. ಎರಡನೆಯದು ಹಿಸ್ಟೋನ್ ಎಂಬ ಪ್ರೋಟೀನಿನ ಮೇಲಿನ ಗುರುತು. ಮಗ್ಗದ ಕಂಡಿಕೆಗೆ ನೂಲು ಸುತ್ತಿದಂತೆ ಡಿಎನ್‌ಎ ಹಿಸ್ಟೋನ್‌ಗಳಿಗೆ ಸುತ್ತಿಕೊಂಡಿರುತ್ತದೆ, ಹಿಸ್ಟೋನ್‌ಗಳ ಒಂದೊಂದು ಗುಂಪಿಗೂ ಸುಮಾರು 147 ಅಕ್ಷರ ಜೋಡಿಗಳಷ್ಟು. ಹಿಸ್ಟೋನಿಗೆ ಅಸಿಟೈಲ್ ಅಂಟಿದರೆ ಸುತ್ತು ಸಡಿಲವಾಗಿ ವಂಶವಾಹಿ ಓದಿಗೆ ಸಿಗುತ್ತದೆ. ಕೆಲವು ಜಾಗಗಳಲ್ಲಿ ಮೀಥೈಲ್ ಅಂಟಿದರೆ ಸುತ್ತು ಬಿಗಿಯುತ್ತದೆ. ಮೂರನೆಯದು ಮೈಕ್ರೋ ಆರ್‌ಎನ್‌ಎ. ವಂಶವಾಹಿಯಿಂದ ಹೊರಟ ಸಂದೇಶವನ್ನು ದಾರಿಯಲ್ಲೇ ತಡೆಯುವ ಈ ತುಣುಕುಗಳಲ್ಲಿ ಲೆಟ್-7 ಎಂಬುದು ಮ್ಯೂ ಗ್ರಾಹಿಯ ಸಂದೇಶವನ್ನೇ ಹಿಡಿಯುತ್ತದೆ. ದೀರ್ಘಕಾಲ ಮಾರ್ಫಿನ್ ಕೊಟ್ಟ ಇಲಿಗಳ ಮೆದುಳಿನಲ್ಲಿ ಲೆಟ್-7 ಹೆಚ್ಚುವುದು ಕಂಡುಬಂದಿದೆ. ಔಷಧದ ಪರಿಣಾಮ ದಿನೇ ದಿನೇ ಇಳಿಯುವುದರಲ್ಲಿ ಇದಕ್ಕೂ ಪಾಲಿದೆ.

ಮ್ಯೂ ಗ್ರಾಹಿಯ ವಂಶವಾಹಿಗೆ ಒಪಿಆರ್‌ಎಂ1 ಎಂದು ಹೆಸರು. ಮನುಷ್ಯನಲ್ಲಿ ಅದು 6ನೇ ವರ್ಣತಂತುವಿನಲ್ಲಿದೆ. ಇದರ ಮೌನ ಮತ್ತು ಮಾತಿನ ಗುಟ್ಟನ್ನು ಮೊದಲು ಬಿಡಿಸಿದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಹೊರೇಸ್ ಲೋ, ಲಿ-ನಾ ವೇ ಮೊದಲಾದವರ ಪ್ರಯೋಗಾಲಯಗಳು. ಇನ್ನೂ ನರಕೋಶವಾಗದ ಪಿ19 ಎಂಬ ಇಲಿಯ ಕೋಶಗಳಲ್ಲಿ ಈ ವಂಶವಾಹಿಯ ಮೇಲೆ ಮೀಥೈಲ್ ಗುರುತುಗಳು ತುಂಬಿರುತ್ತವೆ. ಕೋಶ ನರಕೋಶವಾಗಿ ಮಾರ್ಪಟ್ಟಂತೆ ಗುರುತುಗಳು ಕಡಿಮೆಯಾಗಿ ಗ್ರಾಹಿ ತಲೆಯೆತ್ತುತ್ತದೆ. ಅಂದರೆ ಬೀಗ ಹಾಕಿಟ್ಟಿದ್ದೇ ಸಹಜ ಸ್ಥಿತಿ, ತೆರೆಯುವುದು ಬೆಳವಣಿಗೆಯ ಒಂದು ಹಂತ.

ತೆರೆದದ್ದು ಮತ್ತೆ ಮುಚ್ಚಿಕೊಂಡರೆ ಏನಾಗುತ್ತದೆ? ಈ ಕ್ಷೇತ್ರದ ಅತ್ಯಂತ ಗಟ್ಟಿ ಫಲಿತಾಂಶಗಳು ಬಂದಿರುವುದು ಇದೇ ಪ್ರಶ್ನೆಯಿಂದ.

ಕೈಕಾಲಿನ ನರಕ್ಕೆ ಪೆಟ್ಟು ಬಿದ್ದಾಗ, ಸಕ್ಕರೆ ಕಾಯಿಲೆ ಅಥವಾ ಸರ್ಪಸುತ್ತು ನರವನ್ನು ಕೆಡಿಸಿದಾಗ ಬರುವ ನೋವು ಬೇರೆಯೇ ಜಾತಿಯದು. ಗಾಯ ಮಾಗಿದರೂ ಅದು ಹೋಗುವುದಿಲ್ಲ, ಬಟ್ಟೆ ಸೋಕಿದರೂ ಉರಿಯುತ್ತದೆ. ಶಸ್ತ್ರಚಿಕಿತ್ಸೆಯ ನೋವಿಗೆ ಚೆನ್ನಾಗಿ ಒದಗುವ ಮಾರ್ಫಿನ್ ಇಲ್ಲಿ ಸಾಕಷ್ಟು ನಾಟುವುದಿಲ್ಲವೆಂಬುದು ವೈದ್ಯರಿಗೆ ಹಳೆಯ ಅನುಭವ. ಇದನ್ನು ಪರೀಕ್ಷಿಸುವ ಪ್ರಯೋಗದಲ್ಲಿ ಇಲಿಯ ಹಿಂಗಾಲಿನ ನರವನ್ನು ಭಾಗಶಃ ದಾರದಿಂದ ಬಿಗಿಯುತ್ತಾರೆ. ಕೆಲವು ದಿನಗಳ ಬಳಿಕ ಅದನ್ನು ತಂತಿಬಲೆಯ ಮೇಲೆ ಬಿಟ್ಟು, ಕೆಳಗಿನಿಂದ ಕೂದಲಿನಷ್ಟು ತೆಳುವಾದ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತುತ್ತಾರೆ. ಆರೋಗ್ಯವಂತ ಇಲಿ ಲಕ್ಷ್ಯಕ್ಕೇ ತರದ ಸ್ಪರ್ಶಕ್ಕೆ ಈ ಇಲಿ ಸರಕ್ಕನೆ ಕಾಲೆಳೆದುಕೊಳ್ಳುತ್ತದೆ, ಪಾದವನ್ನು ನೆಕ್ಕುತ್ತದೆ. ಎಷ್ಟು ದಪ್ಪದ ಎಳೆಗೆ ಕಾಲೆಳೆಯಿತು ಎಂಬುದೇ ನೋವಿನ ಅಳತೆ.

ಇಂಥ ಇಲಿಗಳ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆದು ನೋಡಿದಾಗ ಮ್ಯೂ ಗ್ರಾಹಿಗಳೇ ಕಡಿಮೆಯಾಗಿದ್ದವು. ಜಪಾನಿನ ನಾಗಸಾಕಿ ವಿಶ್ವವಿದ್ಯಾಲಯದ ಹಿರೋಶಿ ಉಎದಾ ಅವರ ತಂಡ 2010ರಲ್ಲಿ ಇದರ ಹಿಂದೆ ಎನ್‌ಆರ್‌ಎಸ್‌ಎಫ್ ಎಂಬ ದಮನಕಾರಿ ಪ್ರೋಟೀನನ್ನು ಗುರುತಿಸಿತು. ನರಕ್ಕೆ ಗಾಯವಾದಾಗ ಅದು ಒಪಿಆರ್‌ಎಂ1 ಮೇಲೆ ಕೂತು ಸುತ್ತಲಿನ ಹಿಸ್ಟೋನ್‌ಗಳ ಅಸಿಟೈಲ್ ಕಳಚುವಂತೆ ಮಾಡುತ್ತದೆ. 2016ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುಯ್-ಲಿನ್ ಪಾನ್ ಅವರ ತಂಡ ಇನ್ನೊಂದು ಅಪರಾಧಿಯನ್ನು ಹಿಡಿಯಿತು: ಹಿಸ್ಟೋನಿನ 9ನೇ ಸ್ಥಾನದ ಲೈಸಿನ್‌ಗೆ ಮೀಥೈಲ್ ಅಂಟಿಸುವ ಜಿ9ಎ ಎಂಬ ಕಿಣ್ವ. ಅದನ್ನು ತಡೆಯುವ ರಾಸಾಯನಿಕ ಕೊಟ್ಟಾಗ ನರಗಂಟಿನಲ್ಲಿ ಗ್ರಾಹಿಗಳು ಮರಳಿದವು, ನಾಟದಿದ್ದ ಮಾರ್ಫಿನ್ ಮತ್ತೆ ನಾಟಿತು. ನ್ಯೂಜೆರ್ಸಿಯ ಯುವಾನ್-ಷಿಯಾಂಗ್ ತಾವೊ ಅವರ ತಂಡ ಡಿಎನ್‌ಎಗೆ ನೇರವಾಗಿ ಮೀಥೈಲ್ ಹಚ್ಚುವ ಕಿಣ್ವದ ಪಾತ್ರವನ್ನೂ ತೋರಿಸಿತು.

ಔಷಧ ಸೋತದ್ದು ಅದರ ಪ್ರಮಾಣ ಸಾಲದೆ ಅಲ್ಲ, ಅದು ಕೂರಬೇಕಾದ ಜಾಗವನ್ನೇ ನರಕೋಶ ಮುಚ್ಚಿಬಿಟ್ಟಿದ್ದರಿಂದ. ಡೋಸು ಏರಿಸುತ್ತ ಹೋಗುವುದು ಇಂಥ ನೋವಿಗೆ ಉತ್ತರವಲ್ಲವೆಂದು ಈ ಇಲಿಗಳು ಸ್ಪಷ್ಟವಾಗಿ ಹೇಳುತ್ತಿವೆ.

ಕ್ಯಾನ್ಸರ್ ನೋವಿನಲ್ಲೂ ಇದೇ ಕಥೆಯ ಇನ್ನೊಂದು ರೂಪವಿದೆ. ಅಮೆರಿಕದ ಚಿ ವಿಯೆಟ್ ಮತ್ತು ಬ್ರಯನ್ ಶ್ಮಿಟ್ ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿ ಒಪಿಆರ್‌ಎಂ1 ಮೇಲೆ ಮೀಥೈಲ್ ಗುರುತುಗಳು ಹೆಚ್ಚಿರುವುದನ್ನು ಕಂಡರು. 2014ರ ಅವರ ವರದಿಯ ಪ್ರಕಾರ, ಮೀಥೈಲ್ ಕಳಚುವ ಡೆಸಿಟಬಿನ್ ಕೊಟ್ಟಾಗ ಇಲಿಗಳ ಗಡ್ಡೆಯ ನೋವು ಇಳಿಯಿತು. ಮ್ಯೂ ಗ್ರಾಹಿಗೆ ಅಡ್ಡಿ ಮಾಡುವ ಔಷಧ ಕೊಟ್ಟರೆ ಆ ಉಪಶಮನ ಉಳಿಯಲಿಲ್ಲ. ಗ್ರಾಹಿ ಮರಳಿ ಪಡೆದ ಕ್ಯಾನ್ಸರ್ ಕೋಶಗಳು ತಾವೇ ಒಪಿಯಾಯ್ಡ್‌ಗಳನ್ನು ಸ್ರವಿಸಿ ಪಕ್ಕದ ನರಗಳನ್ನು ತಣಿಸುತ್ತವೆ ಎಂಬುದು ಅವರ ವಿವರಣೆ. ಎಲೆಯಡಿಕೆ ಜತೆ ಹೊಗೆಸೊಪ್ಪು, ಗುಟ್ಕಾ ಜಗಿಯುವ ನಮ್ಮ ನಾಡಿಗೆ ಬಾಯಿ ಕ್ಯಾನ್ಸರ್ ದೂರದ ಸುದ್ದಿಯಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ವಾರ್ಡುಗಳಲ್ಲಿ ಅದು ನಿತ್ಯದ ಮಾತು. ಈ ಸಂಶೋಧನೆ ಇನ್ನಷ್ಟು ನಡೆಯಬೇಕಾದದ್ದು ಅಂಥ ಕಡೆಗಳಲ್ಲಿಯೇ.

ಚಟದ ವಿಷಯಕ್ಕೆ ಬಂದರೆ ಚಿತ್ರ ಇಷ್ಟು ನಿಚ್ಚಳವಿಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಮೇರಿ ಜೀನ್ ಕ್ರೀಕ್ 1964ರಿಂದ, ಹೆರಾಯಿನ್ ಚಟಕ್ಕೆ ಮೆಥಡೋನ್ ಚಿಕಿತ್ಸೆ ರೂಪುಗೊಂಡ ದಿನಗಳಿಂದಲೇ, ಈ ಕೆಲಸದಲ್ಲಿದ್ದವರು. 2009ರಲ್ಲಿ ಅವರ ತಂಡ ಮೆಥಡೋನ್ ಪಡೆಯುತ್ತಿದ್ದ ಮಾಜಿ ವ್ಯಸನಿಗಳ ಬಿಳಿ ರಕ್ತಕಣಗಳಲ್ಲಿ ಒಪಿಆರ್‌ಎಂ1 ವಂಶವಾಹಿಯ 16 ಜಾಗಗಳನ್ನು ಪರೀಕ್ಷಿಸಿತು. ಎರಡು ಜಾಗಗಳಲ್ಲಿ ಮೀಥೈಲ್ ಹೆಚ್ಚಿತ್ತು. ವ್ಯಸನಿ ತಾಯಂದಿರಿಗೆ ಹುಟ್ಟಿ, ಹೊಕ್ಕಳಬಳ್ಳಿ ಕತ್ತರಿಸಿದೊಡನೆ ಔಷಧ ನಿಂತು ನಡುಗುವ, ಚೀರುವ, ಹಾಲು ಕುಡಿಯಲಾಗದ ಶಿಶುಗಳ ಬಗ್ಗೆ ಬಾಸ್ಟನ್ನಿನಲ್ಲಿ 2014ರ ಅಧ್ಯಯನವೊಂದಿದೆ. 86 ಶಿಶುಗಳ ಜೊಲ್ಲನ್ನು ಪರೀಕ್ಷಿಸಿದಾಗ, ಹೆಚ್ಚು ಔಷಧಗಳ ನೆರವು ಬೇಕಾದ ಮಕ್ಕಳಲ್ಲಿ ಇದೇ ವಂಶವಾಹಿಯ ಕೆಲವು ಜಾಗಗಳಲ್ಲಿ ಮೀಥೈಲ್ ಹೆಚ್ಚಿತ್ತು.

ಆದರೆ ರಕ್ತ ಮತ್ತು ಜೊಲ್ಲು ಮೆದುಳಲ್ಲ. ರಕ್ತಕಣದ ಗುರುತು ನರಕೋಶದಲ್ಲೂ ಹಾಗೆಯೇ ಇದೆಯೆಂದು ಹೇಳುವಂತಿಲ್ಲ. ಗುರುತು ಹೆರಾಯಿನ್ನಿಂದ ಬಂತೋ, ಹೆರಾಯಿನ್ ಕಡೆಗೆ ಎಳೆದದ್ದೇ ಆ ಗುರುತೋ ಎಂದು ಒಂದು ಸಲದ ಪರೀಕ್ಷೆ ಹೇಳಲಾರದು. ಬಹುಪಾಲು ಅಧ್ಯಯನಗಳು ಸಣ್ಣವು, ಕಂಡ ವ್ಯತ್ಯಾಸಗಳೂ ಸಣ್ಣವೇ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎಚ್ಚರಿಕೆಗಳು ಕಾಣಿಸುವುದು ಅಪರೂಪ.

ಇಲ್ಲಿ ಅಕ್ಷರ ಮತ್ತು ಗುರುತು ಕೈಜೋಡಿಸಿರುವ ಒಂದು ವಿಶೇಷ ಪ್ರಕರಣವೂ ಇದೆ. ಒಪಿಆರ್‌ಎಂ1 ವಂಶವಾಹಿಯ 118ನೇ ಜಾಗದಲ್ಲಿ ಬಹಳ ಜನರಿಗೆ ಎ ಅಕ್ಷರ, ಕೆಲವರಿಗೆ ಜಿ. ಯುರೋಪಿನವರಿಗಿಂತ ಏಷ್ಯಾದ ಹಲವು ಜನಸಮುದಾಯಗಳಲ್ಲಿ ಜಿ ಹೆಚ್ಚು. ಪಕ್ಕದಲ್ಲಿ ಸಿ ಇರುವುದರಿಂದ ಜಿ ಬಂದೊಡನೆ ಅಲ್ಲಿ ಸಿ-ಜಿ ಜೋಡಿಯೊಂದು ಹೊಸದಾಗಿ ಹುಟ್ಟುತ್ತದೆ, ಅಂದರೆ ಮೀಥೈಲ್ ಕೂರಲು ಹೊಸ ಜಾಗ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಯೋರ್ನ್ ಲೋಚ್ ಅವರ ತಂಡ ಮೃತ ವ್ಯಸನಿಗಳ ಮೆದುಳಿನಲ್ಲಿ ಇದನ್ನು ಪರಿಶೀಲಿಸಿ, ಜಿ ಇದ್ದವರಲ್ಲಿ ಈ ಹೆಚ್ಚುವರಿ ಗುರುತು ಗ್ರಾಹಿಗಳ ಸಂಖ್ಯೆ ಏರದಂತೆ ತಡೆಯುತ್ತದೆಂದು 2012ರಲ್ಲಿ ವರದಿ ಮಾಡಿತು. ಹುಟ್ಟಿನಿಂದ ಬಂದದ್ದು ಯಾವುದು, ಬದುಕಿನಿಂದ ಬಂದದ್ದು ಯಾವುದು ಎಂಬ ಹಳೆಯ ಜಗಳ ಒಂದೇ ಅಕ್ಷರದ ಮೇಲೆ ಹೀಗೆ ಅರ್ಥ ಕಳೆದುಕೊಳ್ಳುತ್ತದೆ.

ಗ್ರಾಹಿಗಳಂತೆ ಅವುಗಳಿಗೆ ಅಂಟುವ ವಸ್ತುಗಳ ವಂಶವಾಹಿಗಳ ಮೇಲೂ ಗುರುತುಗಳಿವೆ. ಪ್ರೋಎನ್‌ಕೆಫಲಿನ್ ಎಂಬುದು ಎನ್‌ಕೆಫಲಿನ್‌ಗಳ ತಾಯಿ ಪ್ರೋಟೀನು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯ ಯಾಸ್ಮಿನ್ ಹರ್ಡ್ ಅವರ ತಂಡ ಹರೆಯದ ಇಲಿಗಳಿಗೆ ಗಾಂಜಾದ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಕೊಟ್ಟು, ಅವು ಬೆಳೆದ ಮೇಲೆ ಹೆರಾಯಿನ್ ಸಿಗುವ ಸನ್ನೆಗೋಲನ್ನು ಮುಂದಿಟ್ಟಿತು. ಗಾಂಜಾ ಕಂಡಿದ್ದ ಇಲಿಗಳು ಹೆಚ್ಚು ಹೆರಾಯಿನ್ ತೆಗೆದುಕೊಂಡವು. ಅವುಗಳ ಮೆದುಳಿನ ಸುಖಕೇಂದ್ರದಲ್ಲಿ ಪ್ರೋಎನ್‌ಕೆಫಲಿನ್ ಹೆಚ್ಚಿತ್ತು, ಅದರ ವಂಶವಾಹಿಯನ್ನು ಬಿಗಿಹಿಡಿಯಬೇಕಿದ್ದ ಹಿಸ್ಟೋನ್ ಗುರುತುಗಳು ತಗ್ಗಿದ್ದವು. ಗಾಂಜಾ ಕಾಣದ ಇಲಿಗಳಲ್ಲಿ ಈ ವಂಶವಾಹಿಯನ್ನು ಕೃತಕವಾಗಿ ಹೆಚ್ಚಿಸಿದಾಗಲೂ ಹೆರಾಯಿನ್ ಸೇವನೆ ಏರಿತು; ಗಾಂಜಾ ಕಂಡವುಗಳಲ್ಲಿ ತಗ್ಗಿಸಿದಾಗ ಇಳಿಯಿತು. ಬರೀ ನಂಟು ತೋರಿಸುವಲ್ಲಿ ನಿಲ್ಲದೆ ಕಾರಣದವರೆಗೆ ತಲುಪಿದ ಕೆಲವೇ ಅಧ್ಯಯನಗಳಲ್ಲಿ 2012ರ ಇದೂ ಒಂದು.

ಬೀಟಾ ಎಂಡಾರ್ಫಿನ್ ಹುಟ್ಟುವ ವಂಶವಾಹಿ ಪಿಒಎಂಸಿ. ಒಂದೇ ಉದ್ದನೆಯ ಪ್ರೋಟೀನನ್ನು ಕತ್ತರಿಸಿ ದೇಹ ಅದರಿಂದ ಎಂಡಾರ್ಫಿನ್ನನ್ನೂ ಒತ್ತಡದ ಹಾರ್ಮೋನನ್ನೂ ಹೊಟ್ಟೆ ತುಂಬಿತೆಂದು ಹೇಳುವ ಸಂದೇಶವನ್ನೂ ಪಡೆಯುತ್ತದೆ. ಬರ್ಲಿನ್ನಿನ ಆಂಡ್ರಿಯಾಸ್ ಪ್ಲಾಗೆಮನ್ ತಂಡ ಒಂದು ತಾಯಿ ಇಲಿಗೆ ಮೂರೇ ಮರಿ ಬಿಟ್ಟು ಅವು ಬೇಕಾದಷ್ಟು ಹಾಲು ಕುಡಿಯುವಂತೆ ಮಾಡಿತು. ಮಿತಿಮೀರಿ ಕುಡಿದ ಮರಿಗಳ ಮೆದುಳಿನಲ್ಲಿ ಪಿಒಎಂಸಿ ಮೇಲೆ ಮೀಥೈಲ್ ಹೆಚ್ಚಿ, ಸಾಕೆನ್ನುವ ಸಂದೇಶ ಏರಬೇಕಾದಷ್ಟು ಏರಲಿಲ್ಲ.

ಇದೇ ವಂಶವಾಹಿಯ ಮೇಲೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ದೀಪಕ್ ಸರ್ಕಾರ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗರ್ಭಿಣಿ ಇಲಿಗಳಿಗೆ ಮದ್ಯ ಬೆರೆಸಿದ ಆಹಾರ ಕೊಟ್ಟಾಗ ಹುಟ್ಟಿದ ಮರಿಗಳಲ್ಲಿ ಎಂಡಾರ್ಫಿನ್ ನರಕೋಶಗಳು ಸೊರಗಿದ್ದವು, ಒತ್ತಡಕ್ಕೆ ಆ ಮರಿಗಳು ಅತಿಯಾಗಿ ಪ್ರತಿಕ್ರಿಯಿಸುತ್ತಿದ್ದವು. ಅಚ್ಚರಿಯಾದದ್ದು ಮುಂದಿನದು. ಮದ್ಯದ ಸೋಂಕೇ ಇಲ್ಲದ ಮುಂದಿನ ತಲೆಮಾರುಗಳಲ್ಲೂ, ಮೂರನೆಯ ತಲೆಮಾರಿನವರೆಗೆ, ಪಿಒಎಂಸಿ ಮೇಲಿನ ಮೀಥೈಲ್ ಉಳಿದುಕೊಂಡಿತು. ಅದು ಸಾಗಿದ್ದು ಗಂಡು ಸಾಲಿನಲ್ಲಿ, ಹೆಣ್ಣು ಸಾಲಿನಲ್ಲಲ್ಲ. ಮದ್ಯದ ಜತೆಗೆ ಕೋಲಿನ್ ಎಂಬ ಪೋಷಕಾಂಶ ಕೊಟ್ಟಾಗ ಮರಿಗಳಲ್ಲಿನ ಬದಲಾವಣೆ ಬಹುಮಟ್ಟಿಗೆ ಸರಿಹೋಯಿತು ಎಂದು 2013ರಲ್ಲಿ ಅದೇ ತಂಡ ವರದಿ ಮಾಡಿದೆ. ಅಜ್ಜಿಯ ಕುಡಿತ ಮೊಮ್ಮಗನ ಎಂಡಾರ್ಫಿನ್ ಕೆಡಿಸಿತೆಂದು ಮನುಷ್ಯರ ವಿಷಯದಲ್ಲಿ ಹೇಳಲು ಇಷ್ಟು ಸಾಲದು; ವಂಶದಲ್ಲಿ ಗುರುತುಗಳ ಜತೆಗೆ ಮನೆಯ ವಾತಾವರಣವೂ ಸಾಗಿಬರುತ್ತದೆ.

ಬೇಸರದ ಗ್ರಾಹಿಯಾದ ಕಪ್ಪಾ ಮೇಲೆ ಬಾಲ್ಯದ ನೆರಳನ್ನು ಹುಡುಕಿದ್ದು ಕೆನಡಾದ ಮಾಂಟ್ರಿಯಲ್‌ನ ಗುಸ್ತಾವೊ ತುರೆಕಿ ತಂಡ. ಆತ್ಮಹತ್ಯೆ ಮಾಡಿಕೊಂಡವರ ಮೆದುಳುಗಳನ್ನು, ಅವರಲ್ಲಿ ಬಾಲ್ಯದಲ್ಲಿ ತೀವ್ರ ಹಿಂಸೆ ಅನುಭವಿಸಿದ್ದವರು ಯಾರೆಂದು ತಿಳಿದುಕೊಂಡು, ಹೋಲಿಸಿ ನೋಡಿದರು. ಹಿಂಸೆ ಕಂಡವರ ಮೆದುಳಿನ ಇನ್ಸುಲಾ ಭಾಗದಲ್ಲಿ ಕಪ್ಪಾ ಗ್ರಾಹಿಯ ವಂಶವಾಹಿ ಕುಂಠಿತವಾಗಿತ್ತು, ಒತ್ತಡದ ಹಾರ್ಮೋನಿನ ಗ್ರಾಹಿ ಬಂದು ಕೂರುವ ತಾಣವೊಂದರಲ್ಲಿ ಮೀಥೈಲ್ ತಗ್ಗಿತ್ತು. ಮೀಥೈಲ್ ಕಡಿಮೆಯಾದರೆ ವಂಶವಾಹಿ ಚುರುಕಾಗಬೇಕೆಂಬ ಪಾಠಪುಸ್ತಕದ ನಿಯಮ ಇಲ್ಲಿ ತಿರುಗಿಬಿದ್ದಿದೆ. ಗುರುತು ಇರುವ ಜಾಗ ಯಾವುದೆಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಗುರುತನ್ನು ಅಳಿಸಬಹುದಾದರೆ ಚಿಕಿತ್ಸೆಯೂ ಸಾಧ್ಯವಲ್ಲವೇ? ಸಾಧನಗಳೇನೋ ಇವೆ. ಡೆಸಿಟಬಿನ್ ಅಸ್ಥಿಮಜ್ಜೆಯ ಕಾಯಿಲೆಗೆ, ಹಿಸ್ಟೋನಿನ ಅಸಿಟೈಲ್ ಉಳಿಸುವ ವೊರಿನೊಸ್ಟಾಟ್ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ 2006ರಿಂದ ಅಮೆರಿಕದಲ್ಲಿ ಮಾನ್ಯತೆ ಪಡೆದಿವೆ. ಮೂರ್ಛೆರೋಗಕ್ಕೆ ದಶಕಗಳಿಂದ ಕೊಡುವ ವಾಲ್‌ಪ್ರೋಯೇಟ್ ಕೂಡ ಇದೇ ಕೆಲಸ ಮಾಡುತ್ತದೆ. ತೊಂದರೆಯೆಂದರೆ ಇವು ಒಂದೇ ವಂಶವಾಹಿಯನ್ನು ಆರಿಸಿ ತಿದ್ದಲಾರವು. ದೇಹದ ಉದ್ದಗಲಕ್ಕೂ ಗುರುತುಗಳನ್ನು ಕಲಕುತ್ತವೆ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ ತಂಡ 2013ರಲ್ಲಿ ಮಾರ್ಫಿನ್ ಜತೆಗೆ ಅಸಿಟೈಲ್ ಉಳಿಸುವ ಇಂಥದೇ ಔಷಧ ಕೊಟ್ಟಾಗ ಇಲಿಗಳು ಮಾರ್ಫಿನ್ನಿಗೆ ಒಗ್ಗಿಹೋಗುವುದು ಇನ್ನೂ ಹೆಚ್ಚಿತು. ಅದಕ್ಕೆ ವಿರುದ್ಧವಾಗಿ ಅಸಿಟೈಲ್ ಅಂಟುವುದನ್ನು ತಡೆಯುವ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಅಂಶ, ಕೊಟ್ಟಾಗ ಅದು ಕಡಿಮೆಯಾಯಿತು. ಇದನ್ನು ಓದಿ ಹಾಲಿಗೆ ಇನ್ನೊಂದು ಚಮಚ ಅರಿಶಿನ ಹಾಕಿಕೊಳ್ಳುವವರು ಗಮನಿಸಬೇಕು: ಬಾಯಿಯ ಮೂಲಕ ತೆಗೆದುಕೊಂಡ ಕರ್ಕ್ಯುಮಿನ್ನಿನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ.

ಒಂದೇ ವಂಶವಾಹಿಯನ್ನು ಗುರಿಯಿಟ್ಟು ಹೊಡೆಯುವ ತಂತ್ರ, ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್‌ನಿಂದ ಬಂದಿದೆ. ಕತ್ತರಿಸುವ ಶಕ್ತಿ ತೆಗೆದ ಕ್ಯಾಸ್9 ಪ್ರೋಟೀನಿಗೆ ದಮನಕಾರಿ ತುಣುಕೊಂದನ್ನು ಜೋಡಿಸಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ವಿಜ್ಞಾನಿಗಳು 2021ರಲ್ಲಿ ಇಲಿಗಳ ಬೆನ್ನುಹುರಿಯ ದ್ರವಕ್ಕೆ ಸೇರಿಸಿದರು. ಅವರು ಅದುಮಿದ್ದು ಒಪಿಯಾಯ್ಡ್ ವಂಶವಾಹಿಯನ್ನಲ್ಲ, ನೋವನ್ನು ಸಾಗಿಸುವ ಸೋಡಿಯಂ ನಾಳವೊಂದರ ವಂಶವಾಹಿಯನ್ನು. ಡಿಎನ್‌ಎ ಕತ್ತರಿಸದೆಯೇ ತಿಂಗಳುಗಟ್ಟಲೆ ನೋವು ತಗ್ಗಿತು. ಮುಚ್ಚಿಹೋದ ಒಪಿಆರ್‌ಎಂ1 ಅನ್ನು ಇದೇ ತಂತ್ರದ ತಿರುಗುಮುರುಗಿನಿಂದ ತೆರೆಯಬಹುದೆಂಬ ಆಲೋಚನೆಗೆ ಇದು ಬಲ ಕೊಟ್ಟಿದೆ.

ಅಲ್ಲಿಯವರೆಗೆ ಆಸ್ಪತ್ರೆಗಳ ರೂಢಿ ಹಳೆಯದೇ. ಮೀಥೈಲ್ ಗುರುತು ನೋಡಿ ಮಾರ್ಫಿನ್ನಿನ ಡೋಸು ನಿರ್ಧರಿಸುವ ಪರೀಕ್ಷೆ ನಿತ್ಯದ ಚಿಕಿತ್ಸೆಗೆ ಬಂದಿಲ್ಲ. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಿ ಎಂದು ವೈದ್ಯರು ಇಂದಿಗೂ ರೋಗಿಯನ್ನೇ ಕೇಳುತ್ತಾರೆ.